ನೀಲಗಿರಿಯ ನೆರಳು, ಹುಣಸೆಯ ನೆರಳು

1983ರಲ್ಲಿ ತುಮಕೂರು ಜಿಲ್ಲೆಯ ಎರಡು ಹಳ್ಳಿಗಳ ಸಣ್ಣ ರೈತರು, ಅವರ ಜೊತೆ ಹೆಂಗಸರು, ಗುಂಪುಗೂಡಿ ಅರಣ್ಯ ಇಲಾಖೆಯ ನರ್ಸರಿಗೆ ನಡೆದರು. ಅಲ್ಲಿ ಬೆಳೆಸಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಕಿತ್ತ ಜಾಗದಲ್ಲಿ ಹುಣಸೆ ಬೀಜವನ್ನೂ ಮಾವಿನ ವಾಟೆಯನ್ನೂ ಊರಿದರು. ಅದಕ್ಕಾಗಿ ಬಂಧನಕ್ಕೂ ಒಳಗಾದರು. ನಮ್ಮ ಪರಿಸರ ಚಳವಳಿಯ ಕತೆ ಹೇಳುವವರು ಈ ಘಟನೆಯನ್ನು ಒಂದೆರಡು ಸಾಲಿನಲ್ಲಿ ನೆನೆಯುವುದುಂಟು. ಅವರು ಕಿತ್ತ ಗಿಡದ ಬಗ್ಗೆ ಪುಟಗಟ್ಟಲೆ ಚರ್ಚೆ ನಡೆದಿದೆ. ಅವರು ಊರಿದ ಬೀಜದ ಬಗ್ಗೆ ಅಷ್ಟು ಮಾತು ನಡೆದಿಲ್ಲ. ಆದರೆ ಆ ದಿನದ ಅರ್ಥ ತಿಳಿಯಬೇಕಾದರೆ ಎರಡನ್ನೂ ಒಟ್ಟಿಗೆ ನೋಡಬೇಕು.

ನೀಲಗಿರಿಯ ಮೇಲೆ ರೈತರಿಗಿದ್ದ ದೂರುಗಳಲ್ಲಿ ಎರಡು ಮುಖ್ಯವಾದವು. ಅದು ನೀರು ಹೀರುತ್ತದೆ ಎಂಬುದು ಒಂದು. ಅದರ ಬುಡದಲ್ಲಿ ಬೇರೆ ಏನೂ ಹುಟ್ಟುವುದಿಲ್ಲ ಎಂಬುದು ಇನ್ನೊಂದು. ಗುಬ್ಬಿ, ಕುಣಿಗಲ್ ಕಡೆಯ ಯಾವ ನೀಲಗಿರಿ ತೋಪಿಗೆ ಹೋದರೂ ಈ ಎರಡನೆಯ ಮಾತಿಗೆ ಸಾಕ್ಷಿ ಬೇಕಾಗುತ್ತಿರಲಿಲ್ಲ. ನೆಲದ ತುಂಬ ಒಣಗಿದ ತರಗೆಲೆ, ತೊಗಟೆಯ ಸಿಪ್ಪೆ, ಅಲ್ಲೊಂದು ಇಲ್ಲೊಂದು ಕುರುಚಲು. ಪಕ್ಕದ ಹೊಲದವನ ರಾಗಿ ಕೂಡ ಬದುವಿನ ಹತ್ತಿರ ಸಣಕಲಾಗಿ, ಮರದಿಂದ ದೂರ ಹೋದಂತೆ ಎತ್ತರವಾಗುತ್ತಿತ್ತು. ಬದುವಿನ ಆಚೆ ಒಬ್ಬ ಮರ ಹಾಕಿದರೆ ಈಚೆಯವನ ತೆನೆ ಕಡಿಮೆಯಾಗುವ ಈ ಸಂಗತಿ ಊರೂರಲ್ಲಿ ಜಗಳಕ್ಕೂ ಕಾರಣವಾಯಿತು.

ಒಂದು ಗಿಡ ತನ್ನ ಎಲೆ, ಬೇರು, ತೊಗಟೆಗಳಿಂದ ಬಿಡುವ ರಸಾಯನದಿಂದ ಇನ್ನೊಂದು ಗಿಡದ ಬೀಜ ಮೊಳೆಯದಂತೆ, ಮೊಳೆತರೂ ಬೆಳೆಯದಂತೆ ಮಾಡಬಲ್ಲದು. ಇದಕ್ಕೆ ವಿಜ್ಞಾನ ಕೊಟ್ಟ ಹೆಸರು ಅಲೆಲೋಪತಿ. 1937ರಲ್ಲಿ ಈ ಪದವನ್ನು ಟಂಕಿಸಿದವನು ಆಸ್ಟ್ರಿಯಾದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್. ಅದಕ್ಕೆ ಕೆಲವು ವರ್ಷ ಮೊದಲು ಅವನು ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ. ಗ್ರೀಕ್ ಭಾಷೆಯ ಎರಡು ಮಾತುಗಳನ್ನು ಸೇರಿಸಿ ಮಾಡಿದ ಈ ಪದವನ್ನು ಕನ್ನಡದಲ್ಲಿ 'ಒಬ್ಬರಿಂದ ಒಬ್ಬರು ಪಡುವ ಪಾಡು' ಎನ್ನಬಹುದು. ಹೆಸರು ಹೊಸದು, ತಿಳಿವಳಿಕೆ ಹಳೆಯದು. ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಪ್ಲಿನಿ ಆಕ್ರೋಟದ ಮರದ ನೆರಳು ಬೇರೆ ಗಿಡಗಳಿಗೆ ಕೇಡು ಎಂದು ಬರೆದಿದ್ದ. ಆ ಕೇಡಿಗೆ ಕಾರಣವಾದ ವಸ್ತುವನ್ನು ಇಂದು ಜುಗ್ಲೋನ್ ಎಂದು ಕರೆಯುತ್ತಾರೆ. ನಾವು ರೊಟ್ಟಿ ಮಾಡುವ ಜೋಳದ ಬೇರುಕೂದಲು ಕೂಡ ಸೋರ್ಗೋಲಿಯೋನ್ ಎಂಬ ಎಣ್ಣೆಯಂಥ ವಸ್ತುವನ್ನು ಒಸರಿ ಸುತ್ತಲ ಕಳೆಯನ್ನು ಹತ್ತಿಕ್ಕುತ್ತದೆ.

ಯಾವ ಗಿಡದ ಪಕ್ಕ ಯಾವುದು ಬಾಳುತ್ತದೆ ಎಂಬುದು ನಮ್ಮ ಒಕ್ಕಲುತನಕ್ಕೆ ಹೊಸ ಪ್ರಶ್ನೆಯಲ್ಲ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯನ್ನೂ ಅಲ್ಲಿನ ವ್ಯಾಪಾರವನ್ನೂ ವಿವರಿಸಿದ್ದಾನೆ. ರಾಗಿಯ ಜೊತೆ ಅವರೆ, ತೊಗರಿಗಳನ್ನು ಸಾಲಾಗಿ ಬಿತ್ತುವ ಮೈಸೂರು ಸೀಮೆಯ ಕ್ರಮವೂ ಅವನ ಬರಹದಲ್ಲಿದೆ. ಇಂದಿಗೂ ನಮ್ಮ ರೈತರು ಅದನ್ನು ಅಕ್ಕಡಿ ಎನ್ನುತ್ತಾರೆ. ರಾಗಿಯ ನಡುವೆ ಅವರೆ, ಅಲಸಂದೆ, ಸಾಸಿವೆ, ಹುಚ್ಚೆಳ್ಳು. ಯಾವುದು ಯಾವುದರ ಜೊತೆ ಹೊಂದುತ್ತದೆ ಎಂಬುದನ್ನು ತಲೆಮಾರುಗಳು ನೋಡಿ ನೋಡಿ ಕಟ್ಟಿದ ಲೆಕ್ಕ ಇದು. ಹೀಗಾಗಿ ನೀಲಗಿರಿಯ ಬುಡದಲ್ಲಿ ಏನೂ ಬೆಳೆಯುವುದಿಲ್ಲ ಎಂದು ರೈತರು ಹೇಳಿದಾಗ ಅದು ಯಾರೋ ಹೇಳಿಕೊಟ್ಟ ಘೋಷಣೆಯಾಗಿರಲಿಲ್ಲ.

ಈ ಮರ ನಮ್ಮಲ್ಲಿಗೆ ಬಂದ ಬಗೆಯೂ ವಿಚಿತ್ರವಾಗಿದೆ. ಸುಮಾರು 1790ರಲ್ಲಿ ನಂದಿಬೆಟ್ಟದ ತನ್ನ ತೋಟದಲ್ಲಿ ಟಿಪ್ಪು ಸುಲ್ತಾನನೇ ಇದನ್ನು ನೆಡಿಸಿದ ಎಂದು ಅರಣ್ಯಶಾಸ್ತ್ರದ ಪಠ್ಯಗಳು ಹೇಳುತ್ತಾ ಬಂದಿವೆ. ಬ್ರಿಟಿಷರ ಮೊದಲ ಹಡಗುಗಳು ಸಿಡ್ನಿಯ ಕಡಲತೀರ ತಲುಪಿದ್ದು 1788ರಲ್ಲಿ. ಎರಡೇ ವರ್ಷದಲ್ಲಿ ಆಸ್ಟ್ರೇಲಿಯಾದ ಬೀಜ, ಅದೂ ಬ್ರಿಟಿಷರ ವೈರಿಯ ಕೈಗೆ, ಸೇರಿದ್ದು ಹೇಗೆ ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಕತೆ ಏನೇ ಇರಲಿ, ನಂದಿಬೆಟ್ಟದ ಮರಗಳಿಂದ ಬಂದ ತಳಿಯೇ ಮುಂದೆ 'ಮೈಸೂರು ಗಮ್' ಎಂದು ಹೆಸರಾಗಿ ದೇಶದ ತುಂಬ ಹರಡಿದ್ದು ನಿಜ. ಇತ್ತ ಬ್ರಿಟಿಷರು 1843ರ ಹೊತ್ತಿಗೆ ನೀಲಗಿರಿ ಬೆಟ್ಟಗಳಲ್ಲಿ ಸೌದೆಗಾಗಿ ಇದನ್ನು ಬೆಳೆಸತೊಡಗಿದರು. ಬೆಟ್ಟದ ಹೆಸರೇ ಕನ್ನಡದಲ್ಲಿ ಮರದ ಹೆಸರಾಗಿ ಉಳಿಯಿತು.

ಇದೇ ಟಿಪ್ಪುವಿನ ಹೆಸರಿಗೆ ಇನ್ನೊಂದು ಸಂಗತಿಯೂ ಅಂಟಿಕೊಂಡಿದೆ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಅವನು. ಆ ದನಗಳ ಮೇವಿಗೆಂದು ಮೀಸಲಾಗಿದ್ದ ಹುಲ್ಲುಗಾವಲುಗಳೇ ಕಾವಲುಗಳು. ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಸೀಮೆಗಳಲ್ಲಿ ಇಂಥ ಕಾವಲುಗಳು ಹರಡಿದ್ದವು. ಹೈದರಾಲಿಯ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನಲ್ಲಿಯೂ ಹುಲ್ಲಿಗೇ ಬೆಲೆ. ಅಂದರೆ ನಮ್ಮ ಈ ಬಯಲು ಸೀಮೆ ಬರಡು ಭೂಮಿಯಾಗಿರಲಿಲ್ಲ, ಹುಲ್ಲಿನ ಸೀಮೆಯಾಗಿತ್ತು. ಕಾವಲು, ಗೋಮಾಳ, ಗುಂಡುತೋಪು, ಕೆರೆಯಂಗಳ ಇವೆಲ್ಲ ಸೇರಿ ಭೂಮಿಯಿಲ್ಲದವರೂ ನಾಲ್ಕು ಆಡು, ಒಂದು ಎಮ್ಮೆ ಕಟ್ಟಿಕೊಂಡು ಬದುಕಲು ದಾರಿಯಾಗಿತ್ತು. ಆಡಳಿತದ ಕಡತಗಳಲ್ಲಿ ಮರವಿಲ್ಲದ ನೆಲವೆಲ್ಲ 'ಪಾಳು' ಎಂದಾದಾಗ ತೊಂದರೆ ಶುರುವಾಯಿತು.

1950ರ ದಶಕದಿಂದ ಮೈಸೂರಿನ ಅರಣ್ಯ ಇಲಾಖೆ ಬಯಲು ನಾಡಿನಲ್ಲಿ ಮೈಸೂರು ಗಮ್ ನೆಡತೊಡಗಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. 1983-84ರಿಂದ ಅದಕ್ಕೆ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವು ದೊರಕಿತು. ಹಳ್ಳಿಯ ಜನರಿಗೆ ಸೌದೆ, ಮೇವು, ಹಣ್ಣು ಒದಗಿಸುವುದು ಯೋಜನೆಯ ಮಾತು. ನರ್ಸರಿಗಳಲ್ಲಿ ಬೆಳೆದದ್ದು ಮಾತ್ರ ಬಹುಪಾಲು ನೀಲಗಿರಿ. ಹರಿಹರದ ಬಳಿ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಶುರುವಾದ ರೇಯಾನ್ ಕಾರ್ಖಾನೆಗೆ ಬೇಕಾಗಿದ್ದೂ ಅದೇ ಮರ. ಬೆಂಗಳೂರಿನ ಕಟ್ಟಡಗಳಿಗೆ ಸಾರುವೆಯ ಗಳುವಾಗಿ ಹೋದದ್ದೂ ಅದೇ.

ಜಮೀನುಳ್ಳವರು ಇದನ್ನು ಒಪ್ಪಿಕೊಳ್ಳಲು ಕಾರಣಗಳಿದ್ದವು. ಮಳೆ ನೆಚ್ಚಿದ ರಾಗಿಯಲ್ಲಿ ದುಡಿಮೆ ಹೆಚ್ಚು, ಗಿಟ್ಟುವುದು ಕಡಿಮೆ. ಬೆಂಗಳೂರಿನಲ್ಲಿ ನೌಕರಿ ಹಿಡಿದವರಿಗೆ ಊರ ಹೊಲ ನೋಡಿಕೊಳ್ಳುವ ವ್ಯವಧಾನವಿರಲಿಲ್ಲ. ನೀಲಗಿರಿ ಹಾಕಿದರೆ ಉಳುವಂತಿಲ್ಲ, ಕಳೆ ಕೀಳುವಂತಿಲ್ಲ, ಕಾವಲೂ ಬೇಡ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಆಡೂ ಮುಟ್ಟುವುದಿಲ್ಲ, ದನವೂ ಮುಟ್ಟುವುದಿಲ್ಲ. ಎಲೆಯಲ್ಲಿರುವ ಸಿನಿಯೋಲ್ ಮೊದಲಾದ ತೈಲಗಳು, ಒಗರು ವಸ್ತುಗಳು ಅದಕ್ಕೆ ಕಾರಣ. ನೆಗಡಿಯಾದಾಗ ನಾವು ಮೂಸುವ ನೀಲಗಿರಿ ಎಣ್ಣೆಯ ಘಾಟು ಅದೇ ಸಿನಿಯೋಲಿನದು. ಬೀಜ ಮೊಳೆಯದಂತೆ ತಡೆಯುತ್ತವೆ ಎಂದು ಪ್ರಯೋಗಾಲಯಗಳು ಗುರುತಿಸಿದ ವಸ್ತುಗಳೂ ಇವೇ. ಹೀಗೆ ಎಲೆಯ ರಸಾಯನ ದೂರದಲ್ಲಿದ್ದ ಜಮೀನುದಾರನಿಗೆ ಖರ್ಚಿಲ್ಲದ ಬೇಲಿಯಾಯಿತು. ಅದೇ ಬೇಲಿ ಆಡು ಮೇಯಿಸುವವರನ್ನು, ಕಳೆ ಕಿತ್ತು ಕೂಲಿ ಪಡೆಯುತ್ತಿದ್ದ ಹೆಂಗಸರನ್ನು ಹೊಲದಿಂದ ಹೊರಗಿಟ್ಟಿತು. ರಾಗಿಯ ಹೊಲ ಹೋದಾಗ ಅದರ ಹುಲ್ಲೂ ಹೋಯಿತು, ಅಕ್ಕಡಿಯ ಕಾಳೂ ಹೋಯಿತು.

ಈ ಹೊತ್ತಿಗೆ ವಾದವಿವಾದ ಏರಿತು. 1981ರಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಿಂದ ಕೋಲಾರದ ಸಾಮಾಜಿಕ ಅರಣ್ಯದ ಬಗ್ಗೆ ಒಂದು ಅಧ್ಯಯನ ಹೊರಬಂತು. ಅದರಲ್ಲಿ ತೊಡಗಿದ್ದ ಜಯಂತ ಬಂದೋಪಾಧ್ಯಾಯ ಮತ್ತು ವಂದನಾ ಶಿವ, ನೀಲಗಿರಿಯಿಂದ ಆಹಾರ ಬೆಳೆಗೂ ಕೂಲಿಗೂ ಮಣ್ಣಿಗೂ ಆಗುವ ನಷ್ಟವನ್ನು ಮುಂದಿನ ವರ್ಷಗಳಲ್ಲಿ ಎತ್ತಿ ಹೇಳುತ್ತಾ ಹೋದರು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ ನೀಲಗಿರಿಯ ವಿರುದ್ಧ ನಿಂತಿತು. ಅತ್ತ ಅರಣ್ಯಾಧಿಕಾರಿಗಳು ಇದೆಲ್ಲ ಭಾವಾವೇಶ, ವಿಜ್ಞಾನವಲ್ಲ ಎಂದರು. 1985ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹೊರತಂದ ವರದಿ, ಎಲ್ಲ ಕಡೆಗೂ ಒಂದೇ ಉತ್ತರವಿಲ್ಲ, ನೆಲ ಮತ್ತು ಹವಾಮಾನ ನೋಡಿ ತೀರ್ಮಾನಿಸಬೇಕು ಎಂದಿತು.

ನೀರಿನ ಪ್ರಶ್ನೆಗೆ ಮುಂದೆ ಸಾಕಷ್ಟು ಖಚಿತ ಉತ್ತರ ಸಿಕ್ಕಿತು. ಬ್ರಿಟನ್ನಿನ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದ ಶಿವಮೊಗ್ಗ ಮತ್ತು ಹೊಸಕೋಟೆ ಕಡೆಗಳಲ್ಲಿ ಅಳತೆ ಮಾಡಿದರು. 1992ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ನೀಲಗಿರಿ ತೋಪು ನೈಸರ್ಗಿಕ ಕುರುಚಲು ಕಾಡಿಗಿಂತ ಹೆಚ್ಚು ನೀರು ಕುಡಿಯಲೇಬೇಕೆಂದಿಲ್ಲ. ಆದರೆ ರಾಗಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು ಕುಡಿಯುತ್ತದೆ. ಆಳವಾದ ಮಣ್ಣಿದ್ದ ಹೊಸಕೋಟೆಯಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಅದು ನೆಲದಾಳದಿಂದ ಎಳೆದುಕೊಂಡಿತ್ತು. ರೈತ ಹೋಲಿಸುತ್ತಿದ್ದುದು ಕಾಡಿನೊಂದಿಗಲ್ಲ, ತನ್ನ ರಾಗಿಯೊಂದಿಗೆ. ಅವನ ದೂರು ನಿಜವಾಗಿತ್ತು. ಕಾಡಿನ ಲೆಕ್ಕ ಹೇಳಿದ ಅಧಿಕಾರಿಯ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ. ಇಬ್ಬರೂ ಬೇರೆ ಬೇರೆ ತಕ್ಕಡಿ ಹಿಡಿದಿದ್ದರು.

ಎಲೆಯ ವಿಷದ ಪ್ರಶ್ನೆ ಇಷ್ಟು ಸುಲಭವಲ್ಲ. ಎಲೆಯನ್ನು ನೀರಲ್ಲಿ ನೆನೆಸಿ, ಆ ಕಷಾಯವನ್ನು ಗಾಜಿನ ತಟ್ಟೆಯಲ್ಲಿಟ್ಟ ಬೀಜಕ್ಕೆ ಹಾಕಿದರೆ ಮೊಳಕೆ ಕುಂಠಿತವಾಗುತ್ತದೆ. ಹೊಲದ ಮಣ್ಣಿನಲ್ಲಿ ಅದೇ ವಸ್ತು ಮಳೆಗೆ ತೊಳೆದುಹೋಗಬಹುದು, ಸೂಕ್ಷ್ಮಜೀವಿಗಳ ಆಹಾರವಾಗಬಹುದು. 1970ರಲ್ಲಿ ಕ್ಯಾಲಿಫೋರ್ನಿಯಾದ ನೀಲಗಿರಿ ತೋಪುಗಳನ್ನು ಅಭ್ಯಸಿಸಿದ ಡೆಲ್ ಮೊರಾಲ್ ಮತ್ತು ಮುಲ್ಲರ್, ಎಲೆಯ ವಸ್ತುಗಳು ಹುಲ್ಲುಸಸಿಗಳನ್ನು ತಡೆಯುತ್ತವೆ ಎಂದು ಕಂಡರು. ಜೊತೆಗೆ, ಮರಳು ಮಣ್ಣಿನಲ್ಲಿ ಈ ಪ್ರಭಾವ ಬಹಳ ಕಡಿಮೆ ಎಂಬುದನ್ನೂ ಕಂಡರು. ಇದೇ ಮುಲ್ಲರ್ 1964ರಲ್ಲಿ ಅಲ್ಲಿನ ಒಂದು ಸುಗಂಧದ ಪೊದೆಯ ಸುತ್ತ ಬರಿದಾದ ನೆಲಕ್ಕೆ ಅದರ ಎಲೆಯ ಆವಿಯೇ ಕಾರಣ ಎಂದು ಹೇಳಿ ಹೆಸರಾಗಿದ್ದ. ಆರು ವರ್ಷದ ನಂತರ ಬಾರ್ತಲೊಮ್ಯೂ ಎಂಬುವನು ಆ ಬರಿನೆಲಕ್ಕೆ ತಂತಿಬಲೆಯ ಪಂಜರ ಹಾಕಿ ನೋಡಿದ. ಪಂಜರದೊಳಗೆ ಹುಲ್ಲು ಬೆಳೆಯಿತು! ಪೊದೆಯಲ್ಲಿ ಅಡಗಿದ್ದ ಇಲಿ, ಮೊಲಗಳು ಹೊರಬಂದು ಸುತ್ತಲ ಹುಲ್ಲನ್ನು ಮೇಯುತ್ತಿದ್ದವು. ಬರಿನೆಲವನ್ನು ಕಂಡ ಕಣ್ಣು ಸುಳ್ಳಾಡಿರಲಿಲ್ಲ. ಕಾರಣ ಹುಡುಕಿದ ಬುದ್ಧಿ ಅವಸರಪಟ್ಟಿತ್ತು.

ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣಿನ ನೀಲಗಿರಿ ತೋಪುಗಳಿಗೂ ಈ ಎಚ್ಚರ ಬೇಕು. ಒತ್ತೊತ್ತಾಗಿ ನೆಟ್ಟ ಮರಗಳು, ಮೇಲುಮಣ್ಣಿನ ತೇವಕ್ಕೆ ಬೇರುಗಳ ಪೈಪೋಟಿ, ಬೇಗ ಕೊಳೆಯದ ತರಗೆಲೆ, ಆ ತರಗನ್ನೂ ಸೌದೆಗಾಗಿ ಗುಡಿಸಿಕೊಂಡು ಹೋಗುವ ಬಡತನ ಇವೆಲ್ಲ ರಸಾಯನದ ಜೊತೆ ಸೇರಿಯೇ ಅಲ್ಲಿನ ನೆಲ ಬರಿದಾಗಿದೆ. ಎಲೆಯ ಪಾಲು ಇದೆ. ಅಪರಾಧವೆಲ್ಲ ಎಲೆಯದೇ ಅಲ್ಲ.

ರಸಾಯನದ ಪಾಲು ಸ್ಪಷ್ಟವಾಗಿ ಕಂಡ ಇನ್ನೊಂದು ಗಿಡ ನಮ್ಮ ನಡುವೆಯೇ ಇದೆ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ, ಅಮೆರಿಕದ ಗೋಧಿಯ ಜೊತೆ ಬಂತೆಂದು ಜನ ಹೇಳುವ ನಮ್ಮ ಕಾಂಗ್ರೆಸ್ ಗಿಡ. ತುಮಕೂರಿನ ಖಾಲಿ ನಿವೇಶನಗಳಿಂದ ಹಿಡಿದು ಕುಣಿಗಲ್ಲಿನ ರಸ್ತೆಬದಿಯವರೆಗೆ ಅದನ್ನು ಕಾಣದವರಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಕಾಂಚನ್ ಮತ್ತು ಜಯಚಂದ್ರ 1979-80ರ ಸುಮಾರಿಗೆ ಪ್ರಕಟಿಸಿದ ಸಂಶೋಧನೆ, ಇದರ ಬೇರು, ಎಲೆ, ಪರಾಗ ಎಲ್ಲದರಲ್ಲೂ ಬೇರೆ ಗಿಡಗಳನ್ನು ತಡೆಯುವ ವಸ್ತುಗಳಿವೆ ಎಂದು ತೋರಿಸಿತು. ಜಗತ್ತಿನ ಅಲೆಲೋಪತಿ ಅಧ್ಯಯನಗಳಲ್ಲಿ ಇಂದಿಗೂ ನೆನೆಯುವ ಕನ್ನಡ ನೆಲದ ಕೆಲಸ ಇದು. ಇಷ್ಟೊಂದು ವಿಷವಿದ್ದರೂ ಈ ಗಿಡ ಅಜೇಯವಲ್ಲ. ಕಾಡು ಚೊಗಚೆಯ ಜಾತಿಯ ಒಂದು ಗಿಡ ಅದನ್ನು ಹಿಮ್ಮೆಟ್ಟಿಸಿದ್ದನ್ನು ಕರ್ನಾಟಕದಲ್ಲಿಯೇ ಗಮನಿಸಲಾಯಿತು. ಮೆಕ್ಸಿಕೋದಿಂದ 1983ರಲ್ಲಿ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಒಂದು ಜಾತಿಯ ಜೀರುಂಡೆ ಅದರ ಎಲೆಯನ್ನು ತಿನ್ನುತ್ತದೆ. ಉತ್ತು ಬಿತ್ತಿದ ಹೊಲದಲ್ಲಿ ಅದು ಅಂಚಿಗೆ ಸರಿಯುತ್ತದೆ. ಯಾರೂ ತಮ್ಮದೆಂದು ನೋಡದ ನೆಲದಲ್ಲಿ ಅಟ್ಟಹಾಸ ಮಾಡುತ್ತದೆ.

ಈಗ 1983ರ ಆ ಹುಣಸೆ ಬೀಜಕ್ಕೆ ಬರೋಣ. ನೀಲಗಿರಿ ಪರದೇಶದ ಮರ, ಅದರ ಬುಡದಲ್ಲಿ ಏನೂ ಬೆಳೆಯುವುದಿಲ್ಲ ಎಂಬುದೇ ಅದನ್ನು ಕೀಳಲು ಕಾರಣವಾಗಿದ್ದರೆ ಹುಣಸೆಯನ್ನು ಊರುವಂತಿರಲಿಲ್ಲ. ಹುಣಸೆಯ ಮೂಲ ಆಫ್ರಿಕಾ. ಸಾವಿರಾರು ವರ್ಷದ ಹಿಂದೆ ಬಂದು ಎಷ್ಟು ನಮ್ಮದಾಯಿತೆಂದರೆ ಅರಬ್ ವ್ಯಾಪಾರಿಗಳು ಅದನ್ನು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ, ಎಂದೇ ಕರೆದರು. ಯುರೋಪಿನ ಭಾಷೆಗಳಲ್ಲಿ ಅದರ ಹೆಸರು ಹುಟ್ಟಿದ್ದು ಆ ಅರಬ್ಬಿ ಮಾತಿನಿಂದ. ಇನ್ನು ನೆರಳಿನ ವಿಚಾರ. ಹುಣಸೆಯ ಕೆಳಗೆ ಹುಲ್ಲು ಅಷ್ಟಾಗಿ ಬರುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ರಾತ್ರಿ ಅದರಡಿ ಮಲಗಬಾರದು, ದೆವ್ವವಿದೆ ಎಂಬ ಹೆದರಿಕೆಯೂ ಇತ್ತು. 2003ರಲ್ಲಿ ಜಪಾನಿನಲ್ಲಿ ಪರ್ವೇಜ್, ಫುಜಿಯಿ ಮುಂತಾದ ವಿಜ್ಞಾನಿಗಳು ಹುಣಸೆಯ ಎಲೆಯನ್ನು ಪರೀಕ್ಷಿಸಿ, ಅದು ಬೇರೆ ಸಸಿಗಳ ಬೆಳವಣಿಗೆಯನ್ನು ಬಲವಾಗಿ ತಡೆಯುತ್ತದೆ ಎಂದು ಪ್ರಕಟಿಸಿದರು. ಅಂದರೆ ತುಮಕೂರಿನ ರೈತರು ಒಂದು ಅಲೆಲೋಪತಿಯ ಮರವನ್ನು ಕಿತ್ತು ಇನ್ನೊಂದು ಅಲೆಲೋಪತಿಯ ಮರವನ್ನು ನೆಟ್ಟಿದ್ದರು. ಒಬ್ಬ ಪರದೇಶಿಯನ್ನು ಕಳಿಸಿ ಇನ್ನೊಬ್ಬ ಪರದೇಶಿಯನ್ನು ಕರೆದಿದ್ದರು.

ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಹುಣಸೆ ಮರ ಒಂಟಿಯಾಗಿಯೋ ತೋಪಿನಲ್ಲಿ ದೂರ ದೂರವೋ ನಿಲ್ಲುತ್ತದೆ. ಅದರ ನೆರಳು ಹೊಲದ ಒಂದು ಮೂಲೆಯನ್ನು ಮಾತ್ರ ಕೇಳುತ್ತದೆ. ಚಿಗುರನ್ನು ಆಡು ತಿನ್ನುತ್ತದೆ, ಮನುಷ್ಯರೂ ಸಾರಿಗೆ ಹಾಕುತ್ತಾರೆ. ಬೀಜ, ಹಣ್ಣು, ಸೌದೆ ಎಲ್ಲಕ್ಕೂ ಬೆಲೆಯಿದೆ. ಬೇಸಗೆಯಲ್ಲಿ ಹಣ್ಣು ಬಡಿದು, ಓಡು ಬಿಡಿಸಿ, ಬೀಜ ತೆಗೆಯುವ ಕೆಲಸ ತುಮಕೂರು ಸೀಮೆಯ ಎಷ್ಟೋ ಬಡ ಮನೆಗಳ ಹೆಂಗಸರ ಕೂಲಿ. ಅದರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ. ಮರ ನೂರಾರು ವರ್ಷ ಬಾಳುತ್ತದೆ. ನೀಲಗಿರಿ ಹೀಗಲ್ಲ. ಎಕರೆಗಟ್ಟಲೆ ಒಂದೇ ಗಿಡವಾಗಿ ಬಂತು, ಕೆಲವೇ ವರ್ಷಕ್ಕೆ ಕಡಿದು ಲಾರಿಗೇರಿತು. ಹುಣಸೆಯಾದರೆ ಬುಡದಲ್ಲಿ ಹುಲ್ಲಿಗೆ ಜಾಗ ಕೊಡದಿದ್ದರೂ ಮನುಷ್ಯರಿಗೆ ಜಾಗ ಕೊಟ್ಟಿತು. ರೈತರು ತೂಗಿ ನೋಡಿದ್ದು ಇದನ್ನು.

ಇದೇ ಪ್ರಶ್ನೆ ಕೆಲವು ವರ್ಷಗಳ ನಂತರ ಇನ್ನೂ ಸ್ಪಷ್ಟವಾಗಿ ಎದ್ದಿತು. ರಾಜ್ಯ ಸರ್ಕಾರ ಕಾರ್ಖಾನೆಯ ಜೊತೆ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಕೊಡಲು ಹೊರಟಿತು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ಜನ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಸಿದರು. ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ತುಮಕೂರಿನ ರೈತರು ನಾಲ್ಕು ವರ್ಷ ಮೊದಲೇ ಮಾಡಿ ತೋರಿಸಿದ್ದೂ ಇದನ್ನೇ: ಕೀಳುವುದರ ಜೊತೆಗೆ ನೆಡುವುದು. ಬೇಡ ಎನ್ನುವವರು ಏನು ಬೇಕು ಎಂಬುದನ್ನೂ ಹೇಳಬೇಕು ಎಂಬ ವಿವೇಕ ಅದು.

2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ಮತ್ತು ಅಕೇಶಿಯಾ ಗಿಡಗಳನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಮೂವತ್ತನಾಲ್ಕು ವರ್ಷದ ಹಿಂದೆ ಬಂಧಿಸಿ ಒಯ್ದವರ ಮಾತು ತಡವಾಗಿಯಾದರೂ ಸರ್ಕಾರದ ಆದೇಶವಾಯಿತು. ಬುಡ ಕೀಳಿಸಿ ಮತ್ತೆ ರಾಗಿ, ಅಡಿಕೆ, ಮಾವು ಹಾಕಿದವರಿದ್ದಾರೆ. ಆದರೆ ಹೊಲಕ್ಕೆ ಮರಳಿದಷ್ಟು ಸುಲಭವಾಗಿ ಕಾವಲಿಗೆ ಮರಳಲಾಗುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಈಗ ಹೆಲಿಕಾಪ್ಟರ್ ತಯಾರಾಗುತ್ತದೆ. 2023ರ ಫೆಬ್ರವರಿಯಲ್ಲಿ ಆ ಕಾರ್ಖಾನೆಯ ಉದ್ಘಾಟನೆಯಾಯಿತು. ಕಾವಲು ಎಂಬುದು ಅಲ್ಲಿ ಊರ ಹೆಸರಿನ ಬಾಲವಾಗಿ ಉಳಿದಿದೆ.

ಈಗ ಜಮೀನುದಾರರ ಬಾಯಲ್ಲಿ ಹೆಬ್ಬೇವು, ಮಹಾಗನಿ, ಶ್ರೀಗಂಧಗಳ ಹೆಸರು ಓಡಾಡುತ್ತಿವೆ. ಇಷ್ಟು ವರ್ಷಕ್ಕೆ ಇಷ್ಟು ಲಕ್ಷ ಎಂಬ ಲೆಕ್ಕವೂ ಜೊತೆಗಿದೆ. ಈ ಮರಗಳ ಎಲೆಯನ್ನೂ ಯಾರಾದರೂ ನೆನೆಸಿ ಬೀಜಕ್ಕೆ ಹಾಕಿ ಪರೀಕ್ಷಿಸಲಿ, ಅದು ಬೇಕಾದ ಕೆಲಸ. ಅದರ ಜೊತೆಗೆ, ಆ ಮರದ ಬುಡದಲ್ಲಿ ಆಡು ಮೇಯಬಹುದೇ, ಕೂಲಿಗೆ ಯಾರಾದರೂ ಬರುತ್ತಾರೆಯೇ, ಪಕ್ಕದ ಹೊಲದವನ ರಾಗಿ ಬದುವಿನವರೆಗೂ ತೆನೆ ಬಿಡುತ್ತದೆಯೇ ಎಂದು ಕೇಳುವವರೂ ಊರಲ್ಲಿ ಉಳಿದಿರಬೇಕು.